ಪಣ ಮತ್ತು ಪದ: ಭೀಮಾ ಸೀಮೆಯಲ್ಲಿ ಎದುರು ಮಾತಿನ ಚರಿತ್ರೆ

ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮೇಶ್ವರ ಗುಡಿಯಲ್ಲಿ ಒಂದು ಶಾಸನವಿದೆ. ಕಾಲ ಸುಮಾರು ಕ್ರಿ.ಶ. 1200. ಅದರ ನಾಯಕ ಏಕಾಂತದ ರಾಮಯ್ಯ. ಊರು ಅಲಂದೆ, ಅಂದರೆ ಇಂದಿನ ಆಳಂದ. ಯಾರ ದೇವರು ದೊಡ್ಡವನೆಂದು ಜೈನರೊಡನೆ ವಾದಕ್ಕಿಳಿದ ರಾಮಯ್ಯ ತನ್ನ ತಲೆಯನ್ನೇ ಪಣವಾಗಿಟ್ಟ, ಅರಿದ ತಲೆ ಏಳು ದಿನದ ಮೇಲೆ ಮರಳಿ ಬಂತು, ಜಿನಬಿಂಬವನ್ನು ಅವನು ಒಡೆದ, ಕೊನೆಗೆ ಅರಸ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ ಎಂದು ಶಾಸನ ಹೇಳುತ್ತದೆ. ಜೆ.ಎಫ್. ಫ್ಲೀಟ್ ಇದನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ ಮೇಲೆ ವಿದ್ವಾಂಸರು ಪವಾಡವೆಷ್ಟು, ಇತಿಹಾಸವೆಷ್ಟು ಎಂದು ಚರ್ಚಿಸುತ್ತಲೇ ಬಂದಿದ್ದಾರೆ. ನನ್ನ ಪ್ರಶ್ನೆ ಬೇರೆ. ಎದುರು ಮತದವನನ್ನು ಎದುರಿಸಲು ಈ ಸೀಮೆಯವನೊಬ್ಬ ಹಿಡಿದ ದಾರಿಗಳಲ್ಲಿ ನಮಗೆ ಬರಹದಲ್ಲಿ ಸಿಗುವ ಬಹು ಹಳೆಯ ದಾರಿ ಇದು: ಪಣದ ದಾರಿ. ಪಣದಲ್ಲಿ ಒಬ್ಬ ಗೆಲ್ಲಲೇಬೇಕು, ಇನ್ನೊಬ್ಬ ಇಲ್ಲವಾಗಲೇಬೇಕು.

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಎಂಟು ಶತಮಾನಗಳಿಂದ ಇನ್ನೊಂದು ದಾರಿಯೂ ಸವೆದಿದೆ. ಅದು ಪದದ ದಾರಿ. ಈ ಎರಡೂ ದಾರಿಗಳು ಹೇಗೆ ಬೆಳೆದವು, ಅವುಗಳ ಅಧ್ಯಯನ ಎಲ್ಲಿಯವರೆಗೆ ಬಂದಿದೆ ಎಂಬುದರ ಸಮೀಕ್ಷೆ ಇದು. ಭಿನ್ನಾಭಿಪ್ರಾಯವೆಂದರೆ ಹಗೆತನ ಎಂದು ಮಕ್ಕಳು ಕಲಿಯುತ್ತಿರುವ ಕಾಲದಲ್ಲಿ ಈ ಲೆಕ್ಕ ತೆಗೆಯದಿದ್ದರೆ ನಮ್ಮ ಕೈಯಲ್ಲಿದ್ದ ಗಂಟನ್ನೇ ನಾವು ಕಳೆದುಕೊಂಡಂತೆ.

ಸಂವಾದವೇ ಗ್ರಂಥವಾದ ಬಗೆ

ರಾಮಯ್ಯನ ಶತಮಾನದಲ್ಲೇ, ಆಳಂದಕ್ಕೆ ದೂರವಲ್ಲದ ಕಲ್ಯಾಣದಲ್ಲಿ ಶರಣರು ಇನ್ನೊಂದು ಬಗೆಯ ಮಾತುಕತೆ ನಡೆಸಿದರು. ಅದಕ್ಕೆ ಗ್ರಂಥರೂಪ ಬಂದದ್ದು 15ನೆಯ ಶತಮಾನದ ‘ಶೂನ್ಯಸಂಪಾದನೆ’ಗಳಲ್ಲಿ. ವಚನಗಳನ್ನು ಪ್ರಶ್ನೆ, ಮರುಪ್ರಶ್ನೆ, ಆಕ್ಷೇಪ, ಒಪ್ಪಿಗೆಗಳಾಗಿ ಜೋಡಿಸಿದ ಕೃತಿ ಅದು. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ದುಃಖದಲ್ಲಿರುವ ಮುಕ್ತಾಯಕ್ಕನನ್ನು ಅಲ್ಲಮ ಪ್ರಶ್ನಿಸುತ್ತಾನೆ. ಅವಳು ಬಗ್ಗದೆ ಎದುರು ಹೇಳುತ್ತಾಳೆ. ಆ ಎದುರು ಮಾತನ್ನು ಸಂಕಲನಕಾರರು ಅಳಿಸಲಿಲ್ಲ, ಗ್ರಂಥದ ಜೀವವನ್ನಾಗಿ ಉಳಿಸಿಕೊಂಡರು. 1923ರಲ್ಲಿ ಫ.ಗು. ಹಳಕಟ್ಟಿಯವರು ‘ವಚನ ಶಾಸ್ತ್ರ ಸಾರ’ವನ್ನು ಅಚ್ಚಿಗೆ ತಂದ ನಂತರ ಈ ಪರಂಪರೆ ಎಲ್ಲರ ಓದಿಗೆ ಸಿಕ್ಕಿತು. ಹಾಗೆಂದು ಕಲ್ಯಾಣವನ್ನು ಬರೀ ಸೌಹಾರ್ದದ ಚಿತ್ರವಾಗಿ ತೋರಿಸಿದರೆ ತಪ್ಪಾಗುತ್ತದೆ. ಅಲ್ಲಿನ ಮಾತುಕತೆ ಕೊನೆಗೊಂಡದ್ದು ರಕ್ತಪಾತದಲ್ಲಿ. ಪಣ ಮತ್ತು ಪದ ಹುಟ್ಟಿನಿಂದಲೇ ಅಕ್ಕಪಕ್ಕದ ಮನೆಯವು.

ದರ್ಗಾ, ಮಠ, ಭಜನೆ

14ನೆಯ ಶತಮಾನದ ಸೂಫಿ ಲಾಡ್ಲೆ ಮಶಾಕರ ದರ್ಗಾ ಆಳಂದದಲ್ಲಿದೆ. ಅದೇ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗವಿದೆ. ಸಂತ ತುಕಾರಾಮರ ಗುರುಪರಂಪರೆಯಲ್ಲಿ ಭಕ್ತರು ನೆನೆಯುವ ಹೆಸರು ರಾಘವ ಚೈತನ್ಯರದು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ನರಸಿಂಹ ಸರಸ್ವತಿಯವರ ಕಥೆ ಹೇಳುವ ‘ಗುರುಚರಿತ್ರೆ’ಯಲ್ಲಿ ಹುಣ್ಣಿನಿಂದ ನರಳುತ್ತಿದ್ದ ಸುಲ್ತಾನನೊಬ್ಬ ಯತಿಗಳ ಬಳಿಗೆ ಬರುವ ಪ್ರಸಂಗವೇ ಬರುತ್ತದೆ.

ಪದದ ದಾರಿ ರಾಜಮಾರ್ಗವಾದದ್ದು ತತ್ವಪದಕಾರರ ಕಾಲದಲ್ಲಿ. ಕಡಕೋಳ ಮಡಿವಾಳಪ್ಪನವರು ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ; ನೆಲೆ ನಿಂತದ್ದು ಹಳೆಯ ಜೇವರ್ಗಿ ತಾಲ್ಲೂಕಿನ, ಈಗ ಯಡ್ರಾಮಿಗೆ ಸೇರಿದ ಕಡಕೋಳದಲ್ಲಿ. ಸಂಪ್ರದಾಯಸ್ಥರಿಂದ ಅವರು ಕಂಡ ವಿರೋಧ ಸಣ್ಣದಲ್ಲ. ಆದರೂ ಅವರ ಶಿಷ್ಯರ ಸಾಲನ್ನು ನೋಡಿ: ಚನ್ನೂರಿನ ಜಲಾಲಸಾಹೇಬರು ಮುಸ್ಲಿಮರು, ಖೈನೂರಿನ ಕೃಷ್ಣಪ್ಪನವರು ಬ್ರಾಹ್ಮಣರು, ಜೊತೆಗೆ ಕೆಳಗಿನವೆಂದು ಎಣಿಸಿದ ಜಾತಿಗಳವರು. ಅವರೆಲ್ಲ ತಮ್ಮ ಹುಟ್ಟನ್ನು ಬಿಟ್ಟು ಬಂದವರಲ್ಲ, ಹುಟ್ಟಿನ ಜೊತೆಗೇ ಬಂದು ಒಂದೇ ಗುರುವಿನ ಮುಂದೆ ಕೂತವರು.

ಅಮಾವಾಸ್ಯೆಯ ಭಜನೆಯನ್ನು ಹತ್ತಿರದಿಂದ ನೋಡಬೇಕು. ಮಠದ ಕಟ್ಟೆಯ ಮೇಲೆ ಒಂದು ಜಮಖಾನ. ನಡುವೆ ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಂ. ಒಬ್ಬರು ಒಡಪಿನಂಥ ಪದವೊಂದನ್ನು ಎತ್ತಿಕೊಳ್ಳುತ್ತಾರೆ. ಪದ ಮುಗಿದರೆ ಕೆಲಸ ಮುಗಿಯಲಿಲ್ಲ. ‘ಅರ್ಥ ಬಿಡಸ್ರಿ’ ಎನ್ನುತ್ತಾರೆ ಮೂಲೆಯಲ್ಲಿ ಕೂತವರು. ಒಬ್ಬರು ಬಿಡಿಸಿದ ಅರ್ಥ ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ಅವರು ಬೇರೊಂದು ಪದ ಹಾಡಿ ತೋರಿಸುತ್ತಾರೆ. ಹೊಲದಾಳು, ಪಿಂಜಾರ, ಮೇಷ್ಟ್ರು, ಅಯ್ಯನವರು ಎಲ್ಲರಿಗೂ ಅಲ್ಲಿ ತಕರಾರು ಎತ್ತುವ ಹಕ್ಕಿದೆ. ಬೆಳಗಿನ ಜಾವ ಮಂಗಳಾರತಿಯಾದಾಗ ತಕರಾರು ಹಾಗೇ ಉಳಿದಿರಬಹುದು. ಮುಂದಿನ ಅಮಾವಾಸ್ಯೆಗೆ ಅದೇ ಜಮಖಾನದ ಮೇಲೆ ಮತ್ತೆ ಬರುತ್ತಾರೆ.

ಜಾತ್ರೆಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಗೀಗೀ ಮೇಳಗಳ ಹರದೇಶಿ ಪಕ್ಷ ಪುರುಷ ಹೆಚ್ಚೆಂದರೆ ನಾಗೇಶಿ ಪಕ್ಷ ಪ್ರಕೃತಿ ಹೆಚ್ಚೆನ್ನುತ್ತದೆ. ದಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಸವಾಲ್-ಜವಾಬ್. ಲಾವಣಿಯ ಕಲ್ಗಿ–ತುರಾಯಿ ಪಂಥಗಳ ಮೂಲಪುರುಷರೆಂದು ಐತಿಹ್ಯ ಹೇಳುವುದು ತುಕನಗಿರಿ ಎಂಬ ಗೋಸಾವಿಯನ್ನು ಮತ್ತು ಶಾಹ ಅಲಿ ಎಂಬ ಫಕೀರನನ್ನು. ಜಗಳವನ್ನೇ ಕಲೆಯಾಗಿಸಿ, ಅದಕ್ಕೆ ತಾಳ ಕೊಟ್ಟು, ಊರ ಮುಂದೆ ಆಡಿದ ಜನ ಇವರು.

ಕಣ್ಣು ಮುಚ್ಚಲಾಗದ ವರ್ಷ

ಈ ಚರಿತ್ರೆಯಲ್ಲಿ 1948 ಬಂದೇ ಬರುತ್ತದೆ. ನಿಜಾಮ ರಾಜ್ಯದ ಕೊನೆಯ ದಿನಗಳಲ್ಲಿ ರಜಾಕಾರರ ದೌರ್ಜನ್ಯ, ಸೆಪ್ಟೆಂಬರ್ 17ರ ವಿಲೀನದ ಬಳಿಕ ಮುಸ್ಲಿಮರ ಮೇಲೆ ನಡೆದ ಪ್ರತೀಕಾರ, ಎರಡನ್ನೂ ಈ ನೆಲ ಕಂಡಿದೆ. ಪಂಡಿತ ಸುಂದರಲಾಲ್ ಸಮಿತಿಯ ವರದಿ ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡನ್ನು. ಭಜನೆ ಇದ್ದಲ್ಲಿ ಕ್ರೌರ್ಯ ಇರಲಾರದು ಎಂದು ನಂಬುವವರಿಗೆ ಈ ವರದಿ ಎಚ್ಚರಿಕೆ. ಪರಂಪರೆ ತಾನಾಗಿ ಯಾರನ್ನೂ ಕಾಯುವುದಿಲ್ಲ. ಅದನ್ನು ಕಾಯುವವರಿದ್ದರೆ ಮಾತ್ರ ಕಾಯುತ್ತದೆ.

ಅಧ್ಯಯನ ನಡೆದು ಬಂದ ದಾರಿ

ವಿದ್ವತ್ತಿನ ಗಮನ ಮೊದಲು ಹರಿದದ್ದು ಶಾಸನಗಳತ್ತ, ಆಮೇಲೆ ವಚನಗಳತ್ತ. ಬಾಯಿಮಾತಿನ ಸಾಹಿತ್ಯಕ್ಕೆ ಬೆಲೆ ಬಂದದ್ದು ಅಫಜಲಪುರಕ್ಕೆ ನೆರೆಯ ಇಂಡಿ ಸೀಮೆಯ ಹಲಸಂಗಿ ಗೆಳೆಯರಿಂದ; ಅವರ ‘ಗರತಿಯ ಹಾಡು’ 1931ರಲ್ಲಿ ಬಂತು. 1978ರಲ್ಲಿ ರಿಚರ್ಡ್ ಈಟನ್ ಬಿಜಾಪುರದ ಸೂಫಿಗಳ ಕುರಿತ ಗ್ರಂಥದಲ್ಲಿ ಒಂದು ಮುಖ್ಯ ತಿದ್ದುಪಡಿ ಮಾಡಿದರು: ಸೂಫಿಗಳೆಲ್ಲ ಒಂದೇ ಅಚ್ಚಿನವರಲ್ಲ, ಕತ್ತಿ ಹಿಡಿದವರು, ಇನಾಮು ಜಮೀನು ಪಡೆದವರು, ಬೀಸುವ ಕಲ್ಲಿನ ಹಾಡಿಗೆ ಪದ ಬರೆದವರು ಬೇರೆ ಬೇರೆ. 1998ರಲ್ಲಿ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಈ ಚರ್ಚೆಯನ್ನು ಕನ್ನಡದ ಹಳ್ಳಿಗಳ ಉರುಸು, ಮೊಹರಂಗಳಿಗೆ ತಂದು ನಿಲ್ಲಿಸಿತು. ಕಲಬುರಗಿಯ ಮೀನಾಕ್ಷಿ ಬಾಳಿ, ಮಲ್ಲಿಕಾರ್ಜುನ ಕಡಕೋಳ ಮೊದಲಾದವರು ತತ್ವಪದಕಾರರ ಬೆನ್ನು ಹತ್ತಿದರು. ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರದ ಸಮಗ್ರ ತತ್ವಪದ ಸಂಪುಟಗಳು ಹಳ್ಳಿ ಹಳ್ಳಿಯ ಕೈಬರಹಗಳಿಗೆ ಅಚ್ಚಿನ ನೆಲೆ ಕೊಟ್ಟವು. ಪಠ್ಯಗಳು ಸಿಕ್ಕವು; ಆ ಪಠ್ಯ ಹಾಡುವ ಕೂಟಗಳ ಅಧ್ಯಯನ ಮಾತ್ರ ಇನ್ನೂ ತೆಳು.

ಇದೇ ಅವಧಿಯಲ್ಲಿ ಅಮೆರಿಕದ ಸಮಾಜವಿಜ್ಞಾನಿಗಳು ತಮ್ಮ ಸಮಾಜದ ಒಡಕನ್ನು ಅಳೆಯಲು ಹೊರಟಿದ್ದರು. ಶಾಂತೋ ಅಯ್ಯಂಗಾರ್ ಮತ್ತು ಸಂಗಡಿಗರು 2012ರಲ್ಲಿ ಒಂದು ಸರಳ ಪ್ರಶ್ನೆಗೆ ಬಂದ ಹಳೆಯ, ಹೊಸ ಉತ್ತರಗಳನ್ನು ಹೋಲಿಸಿದರು: ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವೇ? 1960ರಲ್ಲಿ ಹೌದೆಂದವರು ನೂರಕ್ಕೆ ಐದರಷ್ಟು. 2010ರ ಹೊತ್ತಿಗೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧ, ಡೆಮಾಕ್ರಟರಲ್ಲಿ ಮೂರನೆಯ ಒಂದು ಭಾಗ. ಜನರ ನಿಲುವುಗಳಿಗಿಂತ ಪರಸ್ಪರ ಅಸಹ್ಯ ಹೆಚ್ಚು ಬೆಳೆದಿದೆ ಎಂಬುದು ಅವರ ತೀರ್ಮಾನ. 2019ರಲ್ಲಿ ಜೇಮ್ಸ್ ಫಿಶ್ಕಿನ್ ಮತ್ತು ಸಹೋದ್ಯೋಗಿಗಳು ದೇಶದ ಐನೂರಕ್ಕೂ ಹೆಚ್ಚು ಮತದಾರರನ್ನು ಡಲ್ಲಾಸ್‌ನಲ್ಲಿ ಒಂದೆಡೆ ಕೂಡಿಸಿ ಮಾತಾಡಿಸಿದರು. ಕೂತು ಮಾತಾಡಿದವರ ಕಹಿ ಕಡಿಮೆಯಾಗಿತ್ತು.

ಈ ಅಳತೆಗೋಲನ್ನು ಹಾಗೇ ತಂದು ಇಲ್ಲಿ ಹಿಡಿಯಲಾಗದು. ಆಳಂದದಲ್ಲಿ 2004ರಿಂದ 2023ರವರೆಗಿನ ಐದು ವಿಧಾನಸಭಾ ಚುನಾವಣೆಗಳಲ್ಲಿ ಬಿ.ಆರ್. ಪಾಟೀಲ ಮತ್ತು ಸುಭಾಷ ಗುತ್ತೇದಾರ ಸರದಿಯಂತೆ ಗೆದ್ದಿದ್ದಾರೆ. 2018ರ ಅಂತರ ಬರೀ 697 ಮತ. ಈ ನಡುವೆ ಇಬ್ಬರ ಪಕ್ಷಗಳೂ ಬದಲಾದವು. ಪಕ್ಷ ಇಲ್ಲಿ ಅಂಗಿ. ಜಾತಿ, ಧರ್ಮ ಚರ್ಮ. ಆದ್ದರಿಂದ ಮದುವೆಯ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಒಡಕಿನ ಹೊಸ ಬೆಳವಣಿಗೆ ಕಾಣುವುದಿಲ್ಲ, ಹಳೆಯ ಗೋಡೆ ಕಾಣುತ್ತದೆ. ನಮಗೆ ಹೆಚ್ಚು ಹತ್ತಿರದ್ದು ಅಶುತೋಷ್ ವಾರ್ಷ್ಣೇಯರ 2002ರ ಅಧ್ಯಯನ. ಅಲಿಗಢ–ಕಲ್ಲಿಕೋಟೆಯಂಥ ನಗರಗಳ ಜೋಡಿಗಳನ್ನು ಹೋಲಿಸಿ ಅವರು ಕಂಡದ್ದು: ಹಳ್ಳಿಯಲ್ಲಿ ದಿನನಿತ್ಯದ ಒಡನಾಟವೇ ಶಾಂತಿ ಕಾಯಬಲ್ಲದು, ನಗರದಲ್ಲಿ ಹಿಂದೂ–ಮುಸ್ಲಿಮರು ಕೂಡಿ ನಡೆಸುವ ಸಂಘಸಂಸ್ಥೆಗಳೇ ಬೇಕು. ಆಳಂದ, ಅಫಜಲಪುರ, ಜೇವರ್ಗಿ ಹಳ್ಳಿಯೂ ಅಲ್ಲ, ನಗರವೂ ಅಲ್ಲ. ಹಳ್ಳಿಯ ಒಡನಾಟ ಸಡಿಲವಾದ, ನಗರದ ಸಂಘಗಳು ಇನ್ನೂ ಗಟ್ಟಿಯಾಗದ ತಾಲ್ಲೂಕು ಪಟ್ಟಣವೇ ನಮ್ಮ ಅಧ್ಯಯನ ಹೆಜ್ಜೆಯಿಡಬೇಕಾದ ಜಾಗ.

ಗಡಿಯಾರ ಹಂಚಿಕೊಂಡ ಆವರಣ

ಆ ಜಾಗ ಎಷ್ಟು ನಾಜೂಕು ಎಂಬುದನ್ನು 2022 ತೋರಿಸಿತು. ದರ್ಗಾ ಆವರಣದ ಶಿವಲಿಂಗಕ್ಕೆ ಅಪಚಾರವಾಯಿತೆಂಬ ದೂರಿನ ಬಳಿಕ, ಮಾರ್ಚ್ 1ರ ಶಿವರಾತ್ರಿಯ ದಿನ ಪೂಜೆಯ ವಿಚಾರಕ್ಕೆ ಆಳಂದದಲ್ಲಿ ಕಲ್ಲು ತೂರಾಟ ನಡೆಯಿತು; ಹಲವರ ಬಂಧನವಾಯಿತು. 2023ರಲ್ಲಿ ಉರುಸು, ಶಿವರಾತ್ರಿ ಒಟ್ಟಿಗೇ ಬಂದಾಗ ನ್ಯಾಯಾಲಯದ ಮಧ್ಯಪ್ರವೇಶದಿಂದ ಬೆಳಗಿನ ಹೊತ್ತು ದರ್ಗಾದ ವಿಧಿಗಳಿಗೆ, ಮಧ್ಯಾಹ್ನದ ನಂತರದ ಹೊತ್ತು ಹದಿನೈದು ಜನರ ಪೂಜೆಗೆ ಎಂದು ನಿಗದಿಯಾಯಿತು. ಎರಡೂ ಶಾಂತವಾಗಿ ಮುಗಿದವು. ನ್ಯಾಯಾಲಯ ಮಾಡಬಹುದಾದದ್ದನ್ನು ಮಾಡಿದೆ, ಅದಕ್ಕೆ ನಾವು ಋಣಿಗಳು. ಆದರೆ ಗಡಿಯಾರವನ್ನು ಹಂಚಿಕೊಟ್ಟ ಆದೇಶ ಜಮಖಾನ ಹಾಸಲಾರದು. ಅದನ್ನು ಊರವರೇ ಹಾಸಬೇಕು.

2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಇದೆ. ಅಲ್ಲಿನ ಸಂಶೋಧಕರು ಅಮಾವಾಸ್ಯೆಯ ಭಜನೆಗಳು ಎಷ್ಟು ಉಳಿದಿವೆ, ಯಾವ ಊರಲ್ಲಿ ಯಾರು ಬರುವುದು ಬಿಟ್ಟರು, ಯಾವಾಗ, ಏಕೆ ಎಂದು ಊರೂರು ತಿರುಗಿ ಬರೆಯಲಿ. ಪದಗಳ ಸಂಪುಟಗಳು ಬಂದ ಹಾಗೆ ಕೂತವರ ಸಂಪುಟಗಳೂ ಬರಲಿ.

ಸವಾಲ್-ಜವಾಬಿನಲ್ಲಿ ಒಂದು ವಾಡಿಕೆಯಿದೆ: ಸವಾಲು ಬಂದ ಧಾಟಿಯಲ್ಲೇ ಜವಾಬು ಹೋಗಬೇಕು. ಹಾಗಾಗಿ ಎದುರಿನವರ ಪದ ಮುಗಿಯುವವರೆಗೆ ಇವರ ದಪ್ಪು ಸುಮ್ಮನಿರುತ್ತದೆ. ಧಾಟಿ ಹಿಡಿಯಲು ಕಿವಿ ಮಾತ್ರ ಅಲ್ಲೇ ನೆಟ್ಟಿರುತ್ತದೆ.