ಅಜ್ಜಿಯ ಪದ ಮತ್ತು ಒಂದಕ್ಷರದ ತಪ್ಪು

ಆ ಸಲ ಯುಗಾದಿಗೆ ಚನ್ನಪಟ್ಟಣದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಚಿಕ್ಕಪ್ಪನ ಮಗ ಹೊಸ ಪೆನ್‌ಡ್ರೈವ್ ಕೈಗಿಟ್ಟು, "ಅಣ್ಣ, ಟ್ರ್ಯಾಕ್ಟರ್ ಸೆಟ್ಟು ಇದನ್ನ ಓದ್ತಾ ಇಲ್ಲ, ಒಸಿ ನೋಡು" ಅಂದ. ಆ ಸೆಟ್ಟಿಗೆ ಫ್ಯಾಟ್32 ಬೇಕು. ನನ್ನ ಲ್ಯಾಪ್‌ಟಾಪ್‌ನಲ್ಲಿದ್ದದ್ದು ಲಿನಕ್ಸ್. ಟರ್ಮಿನಲ್ ತೆಗೆದು ಫಾರ್ಮ್ಯಾಟ್ ಮಾಡುವ ಎಂಕೆಎಫ್‌ಎಸ್ ಕಮಾಂಡ್ ಹೊಡೆದೆ. ಎಸ್‌ಡಿಬಿ1 ಅನ್ನೋ ಕಡೆ ಎಸ್‌ಡಿಸಿ1 ಅಂತ ಬಿದ್ದಿತ್ತು. ಅದು ಪಕ್ಕದಲ್ಲೇ ಹಾಕಿದ್ದ ನನ್ನ ಪೆನ್‌ಡ್ರೈವ್. ಅಜ್ಜಿ ಹಾಡಿದ್ದ ಸೋಬಾನೆ ಪದ, ರಾಗಿ ಬೀಸೋ ಪದ ಎಲ್ಲಾ ಅದರಲ್ಲಿದ್ದವು. ಬೇರೆ ಕಾಪಿ ಇರಲಿಲ್ಲ. ಮೌಂಟ್ ಆಗಿದ್ದರೆ ಕಮಾಂಡ್ ತಡೆಯುತ್ತಿತ್ತು. ಎರಡನ್ನೂ ನಾನೇ ಯುಮೌಂಟ್ ಮಾಡಿದ್ದೆ. ಎರಡೇ ಸೆಕೆಂಡು, ಮುಗೀತು.

ಈ ಕಮಾಂಡ್‌ಗಳು ಇಷ್ಟು ನಿರ್ದಾಕ್ಷಿಣ್ಯ ಯಾಕೆ? 1971ರ ನವೆಂಬರ್‌ನಲ್ಲಿ ಬಂದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಮೌಂಟ್ ಮತ್ತು ಯುಮೌಂಟ್ ಇವೆ. ಆಗ ಮೌಂಟ್ ಅಂದ್ರೆ ನಿಜವಾಗಿಯೂ ಕೈಕೆಲಸ. ಡಿಸ್ಕನ್ನೋ ಟೇಪ್ ಸುರುಳಿಯನ್ನೋ ಎತ್ತಿ ತಂದು ಯಂತ್ರದ ಮೇಲೆ ಕೂರಿಸಿ, ಆಮೇಲೆ ಯಂತ್ರಕ್ಕೆ ಹೇಳಬೇಕಿತ್ತು. ಯಾವುದನ್ನು ಕೂರಿಸಿದ್ದೀವಿ ಅನ್ನೋದು ಕೈಗೇ ಗೊತ್ತಿರುತ್ತಿತ್ತು. ಫ್ಯಾಟ್ ಹುಟ್ಟಿದ್ದು 1977ರಲ್ಲಿ, ಮೈಕ್ರೋಸಾಫ್ಟ್‌ನಲ್ಲಿ, ಫ್ಲಾಪಿಗಳ ಕಾಲಕ್ಕೆ. ಯುಎಸ್‌ಬಿ ಬಂದದ್ದು 1996ರಲ್ಲಿ, ಪೆನ್‌ಡ್ರೈವ್ ಅಂಗಡಿಗೆ ಬಂದದ್ದು 2000ದಲ್ಲಿ, ಬರೀ 8 ಎಂಬಿಯದ್ದು. ವಸ್ತು ಹೆಬ್ಬೆರಳಿನಷ್ಟಾಯ್ತು, ಕಮಾಂಡ್ ಮಾತ್ರ ಹಳೇದೇ.

ರಾಮನಗರದ ಹತ್ತಿರ ಹೆದ್ದಾರಿ ಪಕ್ಕ ಜಾನಪದ ಲೋಕ ಇದೆಯಲ್ಲ, ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಊರೂರಿನ ಪದಗಳನ್ನು ಟೇಪಿಗೆ ಇಳಿಸಿದವರು. ಕರ್ನಾಟಕ ಜಾನಪದ ಪರಿಷತ್ತು 1979ರಲ್ಲಿ ಶುರುವಾಯ್ತು, ಜಾನಪದ ಲೋಕ 1994ರಲ್ಲಿ. ಆ ಕಾಲದ ಕ್ಯಾಸೆಟ್ ನೆನಪಿದೆಯಾ? ಅದರ ಬೆನ್ನ ಮೇಲೊಂದು ಪ್ಲಾಸ್ಟಿಕ್ ಚೂರು ಇರುತ್ತಿತ್ತು. ಅದನ್ನು ಮುರಿದುಬಿಟ್ಟರೆ ಮೇಲೆ ಇನ್ನೇನೂ ರೆಕಾರ್ಡ್ ಆಗುತ್ತಿರಲಿಲ್ಲ. ಫ್ಲಾಪಿಗೂ ಅಂಥದ್ದೇ ಒಂದು ಗುಂಡಿ. ನಾವು ಕೊಳ್ಳುವ ಹೆಚ್ಚಿನ ಪೆನ್‌ಡ್ರೈವ್‌ಗಳಲ್ಲಿ ಅದೂ ಇಲ್ಲ.

ನನ್ನ ಅದೃಷ್ಟ, ಎಂಕೆಎಫ್‌ಎಸ್ ಹೊಸದಾಗಿ ಬರೆಯೋದು ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿಯನ್ನು ಮಾತ್ರ. ಒಳಗಿನ ಸರಕು ಹಾಗೇ ಬಿದ್ದಿರುತ್ತೆ. ಅದರ ಮೇಲೆ ಏನನ್ನೂ ಹಾಕದೆ ಫೋಟೋರೆಕ್ ಅನ್ನೋ ಪುಕ್ಕಟೆ ತಂತ್ರಾಂಶ ಓಡಿಸಿದೆ. ರಾತ್ರಿಯೊಳಗೆ ಪದಗಳು ವಾಪಸ್ ಬಂದವು. ಆದರೆ ಒಂದಕ್ಕೂ ಹೆಸರಿಲ್ಲ, ಬರೀ ನಂಬರು.

ಬೆಳಿಗ್ಗೆ ಅಜ್ಜಿಯನ್ನ ಜಗಲಿ ಮೇಲೆ ಕೂರಿಸಿ ಒಂದೊಂದಾಗಿ ಕೇಳಿಸಿದೆ. ಮೊದಲ ಸಾಲು ಮುಗಿಯೋ ಮುಂಚೆನೇ "ಇದು ನಿಮ್ಮವ್ವನ ಮದ್ವೇಲಿ ಹಾಡಿದ್ದು ಕಣ್ ಮಗಾ" ಅಂತ ಹೇಳ್ತಿದ್ಲು, ನಾನು ಹೆಸರು ಬರ್ಕೊಳ್ತಿದ್ದೆ.

ಈಗ ಫಾರ್ಮ್ಯಾಟ್‌ಗೆ ಮುಂಚೆ ಎಲ್‌ಎಸ್‌ಬಿಎಲ್‌ಕೆ ಹೊಡೆದು ಡ್ರೈವ್‌ನ ಸೈಜ್ ನೋಡ್ತೀನಿ. ಬೇಡದ್ದನ್ನ ಕಿತ್ತು ಪಕ್ಕಕ್ಕಿಡ್ತೀನಿ. ಪದಗಳು ಮೂರು ಕಡೆ ಇವೆ. ಮತ್ತೆ ಹೆಸರು ಕಳೆದರೆ ಹೇಳೋಕೆ ಅಜ್ಜಿ ಇಲ್ಲ.