ಬೀರುವಿನ ಬಾಗಿಲಿಗೆ ಶಾಸ್ತ್ರದ ಅಳತೆ

ಕಳಸದ ನಮ್ಮ ಮನೆಯಲ್ಲಿ ತಂದೆಯವರ ಪುಸ್ತಕಗಳಿದ್ದ ಗೋಡೆಬೀರುವಿಗೆ ಹಲಸಿನ ಒಂಟಿಹಲಗೆಯ ಬಾಗಿಲಿತ್ತು. ಕುದುರೆಮುಖದ ಮಗ್ಗುಲಿನ ಮಳೆಯೆಂದರೆ ಕೇಳಬೇಕೆ? ಒಂದು ಆಷಾಢದಲ್ಲಿ ಉಬ್ಬಿ ಕಚ್ಚಿಕೊಂಡ ಬಾಗಿಲು ತೆರೆದದ್ದು ದಸರೆಯ ಹೊತ್ತಿಗೆ. ಅಷ್ಟರಲ್ಲಿ ತಂದೆಯವರು ಸ್ವಹಸ್ತದಿಂದ ನಕಲು ಮಾಡಿದ್ದ ಜೈಮಿನಿ ಭಾರತದ ಪ್ರತಿ ಬೂಷ್ಟು ಹಿಡಿದು, ಹಾಳೆಗೆ ಹಾಳೆ ಅಂಟಿಹೋಗಿತ್ತು.

ಚೌಕಟ್ಟು ಕಟ್ಟಿ ನಡುವೆ ತೆಳುಹಲಗೆ ಕೂಡಿಸಿದ ಹೊಸ ಬಾಗಿಲು ಮಾಡಿಸುವುದೆಂದು ನಿಶ್ಚಯವಾಯಿತು. ಚೌಕಟ್ಟಿನ ಪಟ್ಟಿ ಎಷ್ಟು ಅಗಲವಿರಬೇಕು? ಹಳಗನ್ನಡ ಪಾಠ ಹೇಳುವವನು ಬಡಗಿಯನ್ನು ಕೇಳುವುದುಂಟೆ! ವರಾಹಮಿಹಿರನ ಬೃಹತ್ಸಂಹಿತೆಯನ್ನೇ ತೆರೆದೆ. 6ನೆಯ ಶತಮಾನದ ಆ ಗ್ರಂಥದಲ್ಲಿ ದೇವಾಲಯದ ದ್ವಾರಕ್ಕೆ ಅಳತೆಯುಂಟು: ಎತ್ತರವು ಅಗಲದ ಇಮ್ಮಡಿ, ಪಕ್ಕದ ಶಾಖೆಯ ಅಗಲ ಎತ್ತರದ ಕಾಲುಭಾಗ, ಅದರ ದಪ್ಪ ಆ ಅಗಲದ ಕಾಲುಭಾಗ. ಶಾಖೆಗಳು 3, 5, 7 ಅಥವಾ 9 ಇದ್ದರೆ ಪ್ರಶಸ್ತ. ಹೊಯ್ಸಳರ ಮೂಲನೆಲೆ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಅವರು 1117ರಲ್ಲಿ ಬೇಲೂರಿನಲ್ಲಿ ಕಟ್ಟಿಸಿದ ಗುಡಿಯ ಬಾಗಿಲುವಾಡ ನೋಡಿದವರಿಗೆ ಈ ಸಾಲುಸಾಲು ಪಟ್ಟಿಗಳು ಅಪರಿಚಿತವಲ್ಲ.

ನನ್ನ ಬಾಗಿಲು 2 ಅಡಿ ಅಗಲ, 4 ಅಡಿ ಎತ್ತರ, ಶಾಸ್ತ್ರಸಮ್ಮತವೇ. ಬಡಗಿ ನನ್ನ ಉಪನ್ಯಾಸವನ್ನು ತಾಳ್ಮೆಯಿಂದ ಕೇಳಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಎತ್ತರದ ಕಾಲುಭಾಗ 1 ಅಡಿ. ಎರಡು ಪಕ್ಕಕ್ಕೆ 2 ಅಡಿ. "ಹಲಗೆಯನ್ನು ಎಲ್ಲಿ ಕೂರಿಸಲಿ, ಸ್ವಾಮಿ?" ಎಂದ.

ನಾನು ಎಡವಿದ್ದು ಒಂದು ಶಬ್ದದಲ್ಲಿ. ಶಾಖೆಯೆಂಬುದು ದ್ವಾರದ ಬಯಲಿನ ಹೊರಗೆ ನಿಲ್ಲುವಂಥದು. ಎಷ್ಟು ಅಗಲವಾದರೂ ದಾರಿಯನ್ನು ತಿನ್ನುವುದಿಲ್ಲ. ಕದದ ಪಟ್ಟಿ ಕದದೊಳಗಿನದು; ಅದು ಹಿಗ್ಗಿದಷ್ಟೂ ನಡುಹಲಗೆ ಕುಗ್ಗಬೇಕು. ಅಲ್ಲದೆ ಬೇಲೂರಿನ ಕಲ್ಲು ಆಷಾಢದಲ್ಲಿ ಉಬ್ಬುವುದಿಲ್ಲ.

ಮರ ಉಬ್ಬುವುದು ಎಳೆಗೆ ಅಡ್ಡಲಾಗಿ. ಉದ್ದಕ್ಕೆ ಇಲ್ಲವೆಂಬಷ್ಟು ಕಡಿಮೆ. ಈ ಗುಣವನ್ನು ಅರಿತು ಕಟ್ಟಿದ ಹಲಗೆ-ಚೌಕಟ್ಟಿನ ಕೆಲಸ ಯೂರೋಪಿನ ಬಡಗಿಗಳಲ್ಲಿ 15ನೆಯ ಶತಮಾನದ ಹೊತ್ತಿಗೆ ಬಲವಾಗಿ ಬೇರೂರಿತ್ತು. ನಮ್ಮ ಬೆಟ್ಟಗಳಲ್ಲಿ ಕಾಫಿಯ ಹಿಂದೆಯೇ ಎದ್ದ ದೊರೆಗಳ ಬಂಗಲೆಗಳಲ್ಲಿ ಇಂಥ ಬಾಗಿಲುಗಳು ಕಾಣುತ್ತವೆ. ಕದದ ಅಗಲಳತೆಯಲ್ಲಿ ಉಬ್ಬುವ ಮರವೆಂದರೆ ಎರಡು ಕಿರಿದಾದ ನಿಲುಪಟ್ಟಿಗಳು ಮಾತ್ರ. ನಡುಹಲಗೆಗೆ ಅಂಟು ಹಾಕದೆ, ತೋಡಿನೊಳಗೆ ಸರಿಯಲು ಎಡೆ ಬಿಟ್ಟಿರುತ್ತಾರೆ. ಆದ್ದರಿಂದ ನಿಲುಪಟ್ಟಿ ತೀರ ಅಗಲವಾದರೆ ಹಳೆಯ ಒಂಟಿಹಲಗೆಯ ರೋಗವೇ ಮರಳುತ್ತದೆ. ತೀರ ಕಿರಿದಾದರೆ ಮೂಲೆಯ ಕೂಡುಕಚ್ಚಿಗೆ ಮರವೇ ಸಾಲದು, ಕದ ಜೋಲುತ್ತದೆ.

ನಮ್ಮ ಬಡಗಿ ಹೊನ್ನೆಯಲ್ಲಿ ನಿಲುಪಟ್ಟಿಗಳನ್ನೂ ಮೇಲಿನ ಅಡ್ಡಪಟ್ಟಿಯನ್ನೂ ಎರಡೂವರೆ ಅಂಗುಲಕ್ಕೆ ಇಟ್ಟ, ಕೆಳಗಿನದನ್ನು ಮೂರೂವರೆಗೆ. ಸಮವಾಗಿದ್ದರೆ ಕೆಳಗಿನದು ಕಣ್ಣಿಗೆ ಸೊರಗಿದಂತೆ ತೋರುತ್ತದಂತೆ. ಎಷ್ಟು ಹೆಚ್ಚಿಸಬೇಕೆಂದು ಕೇಳಿದೆ. ದೂರ ನಿಂತು ನೋಡಿ ಹೇಳಬೇಕು ಎಂದ.

ನಡುಹಲಗೆ ಹಳೆಯ ಬಾಗಿಲಿನ ಹಲಸೇ. ಶಿವರಾತ್ರಿಯ ಬಿಸಿಲಿಗೆ ಅದು ಕುಗ್ಗಿದಾಗ, ಕಂದುಬಣ್ಣಕ್ಕೆ ತಿರುಗಿದ ಹಲಗೆಯ ಅಂಚಿನಲ್ಲಿ ಬೆಳಕು ಕಾಣದ ಹಳದಿ ಗೆರೆಯೊಂದು ಇಣುಕುತ್ತದೆ. ಮಳೆ ಹಿಡಿದ ಮೇಲೆ ತೋಡಿನೊಳಗೆ ಅಡಗುತ್ತದೆ. ಬಾಗಿಲು ಶ್ರಾವಣದಲ್ಲೂ ಒಂದೇ ಬೆರಳಿಗೆ ತೆರೆಯುತ್ತದೆ. ಒಳಗೆ, ಬಿಡಿಸಲಾಗದ ಜೈಮಿನಿ ಭಾರತವನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.