ಬಣ್ಣ ಕಳಚಿದ ಮೇಲೆ

ನಾಟಕಶಿರೋಮಣಿ ಎ.ವಿ. ವರದಾಚಾರ್ಯರು 1926ರಲ್ಲಿ ತೀರಿಕೊಂಡರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆ ಕಂಡದ್ದು ಅದಾದ ಎಂಟು ವರ್ಷಗಳ ಮೇಲೆ, 1934ರಲ್ಲಿ. ಅವರ ಅಭಿನಯವನ್ನು ನಾವಿಂದು ನೋಡಲಾರೆವು, ಡಿ.ವಿ.ಜಿ.ಯವರಂಥ ಸಮಕಾಲೀನರು ಬರೆದಿಟ್ಟದ್ದರಿಂದಲೇ ಅದನ್ನು ಊಹಿಸಿಕೊಳ್ಳಬೇಕು. ನಟನ ಎರಡನೆಯ ಆಯುಷ್ಯ ಪ್ರೇಕ್ಷಕನ ಲೇಖನಿಯಲ್ಲಿದೆ.

1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿತು. ಬೇರೆ ವೃತ್ತಿಯಲ್ಲಿದ್ದು ಬಿಡುವಿನಲ್ಲಿ ಬಣ್ಣ ಹಚ್ಚುವ ಆ ಹವ್ಯಾಸಿ ಪರಂಪರೆಯೇ ಬೇ ಏರಿಯಾದಲ್ಲಿ ನಮ್ಮದೂ ಆಗಿದೆ. ಇಲ್ಲಿ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಆರಂಭವಾದದ್ದು 1973ರಲ್ಲಿ. ಹಗಲು ಕಚೇರಿ, ರಾತ್ರಿ ಯಾರದೋ ಗ್ಯಾರೇಜಿನಲ್ಲಿ ತಾಲೀಮು. ತಿಂಗಳುಗಳ ಶ್ರಮಕ್ಕೆ ಎಷ್ಟೋ ಸಲ ಒಂದೇ ಪ್ರದರ್ಶನ. ಬಳಿಕ ಉಳಿಯುವುದು "ಎಲ್ಲರೂ ಚೆನ್ನಾಗಿ ಅಭಿನಯಿಸಿದರು" ಎಂಬ ಒಂದು ವಾಕ್ಯ. ವಿಡಿಯೋ ಇದೆಯಲ್ಲ ಎನ್ನಬಹುದು. ಅದು ವೇದಿಕೆಯನ್ನು ತೋರಿಸೀತು. ಸಭೆ ಉಸಿರು ಬಿಗಿಹಿಡಿದ ಗಳಿಗೆಯನ್ನಲ್ಲ.

ಅಂಥ ವಾಕ್ಯವನ್ನು ನಾನೂ ಒಮ್ಮೆ ಬರೆದೆ. ಮುಖ್ಯ ಪಾತ್ರ ವಹಿಸಿದ್ದ ಗೆಳೆಯರು ಓದಿ, "ಡಾಕ್ಟರೇ, ಮೂರನೆಯ ದೃಶ್ಯದಲ್ಲಿ ನನ್ನ ಮಾತು ಹಿಂದಿನ ಸಾಲಿಗೆ ಕೇಳಿಸಿತೇ?" ಎಂದರು. ಕೇಳಿಸಿರಲಿಲ್ಲ. ಸಂಕೋಚದಿಂದ ಬರೆದಿರಲಿಲ್ಲ. ರೋಗಿಯನ್ನು ಪರೀಕ್ಷಿಸಿ, ಕಂಡದ್ದನ್ನು ಬರೆಯದೆ ಬಿಡುವ ವೈದ್ಯನನ್ನು ಯಾರು ಒಪ್ಪಿಯಾರು?

ಮುಂದಿನ ನಾಟಕ ನೋಡಿದವರು ದಿನಾಂಕ, ಪಾತ್ರಧಾರಿಗಳ ಹೆಸರು, ಮನ ತಟ್ಟಿದ ಒಂದು ದೃಶ್ಯ, ತಟ್ಟದ ಒಂದು ದೃಶ್ಯ, ಇಷ್ಟನ್ನಾದರೂ ಅಂದೇ ಬರೆದಿಡಬೇಕೆಂದು ವಿನಂತಿ. ಐವತ್ತು ವರ್ಷಗಳ ಅನಂತರ ಓದುವವರಿಗೆ ನಮ್ಮ ನಟರು ಕಾಣಿಸಬೇಕಾದರೆ ಇದೊಂದೇ ದಾರಿ.